ನನ್ನ ತಪ್ಪಿಗೆ ನೀವು ಕೊಟ್ಟ ಮೂರು ಆಧಾರಗಳು

ಏಕೀಕೃತ ಜೈವಿಕ ದತ್ತಾಂಶ ಭಂಡಾರದ ಮಹಾನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಭಂಡಾರದಲ್ಲಿ ಒಂದು ಸಾಲು ತಪ್ಪಾಗಿದೆ. ಹತ್ತೊಂಬತ್ತು ವರ್ಷಗಳ ಹಿಂದೆ ಅದನ್ನು ಬರೆದವನು ನಾನು. ತಪ್ಪು ನನ್ನದು, ದಯವಿಟ್ಟು ತಿದ್ದಿ ಎಂದು ಏಳು ತಿಂಗಳಿಂದ ನಿಮ್ಮ ಕಚೇರಿಗೆ ಅಲೆಯುತ್ತಿದ್ದೇನೆ. ನಿಮ್ಮ ಕಚೇರಿ ಏಳು ತಿಂಗಳಿಂದ, ‘ನೀವು ಯಾವ ತಪ್ಪೂ ಮಾಡಿಲ್ಲ’ ಎಂದು ನನಗೇ ಸಮಾಧಾನ ಹೇಳಿ ನನ್ನನ್ನು ವಾಪಸು ಕಳಿಸುತ್ತಿದೆ. ಕಳ್ಳನೇ ಠಾಣೆಗೆ ಬಂದು ಒಪ್ಪಿಕೊಂಡರೂ, ನಿನ್ನ ಪರವಾಗಿ ಮೂವರು ಸಾಕ್ಷಿಗಳಿದ್ದಾರೆ ಹೋಗಯ್ಯಾ ಎಂದು ಹೊರಗಟ್ಟುವ ಪೊಲೀಸರನ್ನು ನಾನು ಕಂಡಿರಲಿಲ್ಲ. ನಿಮ್ಮ ದಯೆಯಿಂದ ಅದೂ ಆಯಿತು.

ಆ ಸಾಲು ಹೃದಯದ ಬಡಿತವನ್ನು ನಡೆಸುವ ಒಂದು ಜೀನಿನ ಬಗ್ಗೆ. ಕೆಲವರಲ್ಲಿ ಆ ಜೀನಿನ ಒಂದು ಜಾಗದಲ್ಲಿ ಸಣ್ಣದೊಂದು ವ್ಯತ್ಯಾಸ ಇರುತ್ತದೆ. ಅದರ ಎದುರು ನಿಮ್ಮ ಭಂಡಾರ ‘ನಿರಪಾಯ’ ಎಂದು ಬರೆದು ಪಕ್ಕದಲ್ಲಿ ಮೂರು ಹಸಿರು ಗುರುತು ಹಾಕಿದೆ. ಮೂರು ಗುರುತು ಎಂದರೆ ಮೂರು ಸ್ವತಂತ್ರ ಆಧಾರಗಳು. ಇನ್ನು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ಅರ್ಥ. ಅದನ್ನು ನಂಬಿ ಆಸ್ಪತ್ರೆಯವರು ನನ್ನ ಅಕ್ಕನನ್ನು ಮನೆಗೆ ಕಳಿಸಿದರು. ಅವಳು ಹದಿಮೂರು ವಾರ ಬದುಕಿದ್ದಳು. ಈಗ ಅದೇ ವ್ಯತ್ಯಾಸ ಇರುವ ಅವಳ ಮಗಳಿಗೆ, ಅದೇ ಸಾಲನ್ನು ತೋರಿಸಿ, ಚಿಕಿತ್ಸೆ ಬೇಕಿಲ್ಲ ಎಂದಿದ್ದಾರೆ. ಇಷ್ಟು ದಿನ ನಿಮಗೆ ಮುಚ್ಚಿದ ಲಕೋಟೆಯಲ್ಲಿ ಬರೆಯುತ್ತಿದ್ದವನು ಇಂದು ಎಲ್ಲರ ಎದುರು ಬರೆಯುತ್ತಿರುವುದು ಅದಕ್ಕೆ.

ನಮ್ಮ ಕೆಲಸ ಏನಿತ್ತೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ನೀವು ಅದನ್ನು ರದ್ದು ಮಾಡಿದವರು ಮಾತ್ರ. ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಲಿಫ್ಟಿನ ನರಳಾಟ ಗೋಡೆಯ ಮೂಲಕ ಕೇಳಿಸುವ ಕೋಣೆಯಲ್ಲಿ, ನಾವು ಒಂಬತ್ತು ಜನ ಓದುಗರಿದ್ದೆವು. ಪ್ರಯೋಗಾಲಯಗಳು ಪ್ರಕಟಿಸುವ ಪ್ರಬಂಧಗಳನ್ನು ಓದುವುದು, ಯಾವ ಜೀನಿನ ಬಗ್ಗೆ ಯಾರು, ಎಷ್ಟು ಜನರನ್ನು ನೋಡಿ, ಏನು ಹೇಳಿದ್ದಾರೆ ಎಂದು ಕೋಷ್ಟಕದಲ್ಲಿ ತುಂಬುವುದು ನಮ್ಮ ಕೆಲಸ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಸಾಲು ಪೂರ್ಣವಾಗುತ್ತಿರಲಿಲ್ಲ. ನೋಡುವುದೆಂದರೆ ಕಣ್ಣಾಡಿಸುವುದಲ್ಲ. ಬರೆದವನು ತನ್ನ ಸಾಲನ್ನು ಗಟ್ಟಿಯಾಗಿ ಓದಬೇಕು. ಎರಡನೆಯವರು ಮೂಲ ಪ್ರಬಂಧವನ್ನು ಮುಂದಿಟ್ಟುಕೊಂಡು, ಆ ಮಾತು ಎಲ್ಲಿದೆಯೋ ಅಲ್ಲಿ ಬೆರಳಿಡಬೇಕು. ಬೆರಳಿಗೆ ಸಿಗದ ಮಾತಿಗೆ ಕೋಷ್ಟಕದಲ್ಲಿ ಜಾಗವಿಲ್ಲ.

ನನ್ನ ಎರಡನೇ ಓದುಗರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಲ್ಲರೂ ಅವರನ್ನು ಹಿಂದಿನಿಂದ ಬೆರಳಮ್ಮ ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು.

“ಇದೆಲ್ಲಿದೆ ತೋರ್ಸಪ್ಪ,” ಎನ್ನುತ್ತಿದ್ದರು.

“ಒಟ್ಟಾರೆ ಓದಿದ್ರೆ ಹಾಗೇ ಅರ್ಥ ಬರುತ್ತೆ ಮೇಡಂ.”

“ಒಟ್ಟಾರೆ ಅನ್ನೋದು ಯಾವ ಪುಟ?”

ದಿನಕ್ಕೆ ಹದಿನೈದು ಸಾಲಾದರೆ ಹೆಚ್ಚು. ನೀವು ಆಗ ಉಪನಿರ್ದೇಶಕರು. ಬಾಗಿಲಲ್ಲಿ ನಿಂತು ನಮ್ಮ ಓದನ್ನು ಕೇಳಿ, “ಇದೇನು ಶಾಲೆಯ ಮಗ್ಗಿಯೇ?” ಎಂದು ನಕ್ಕಿದ್ದು ನಿಮಗೆ ನೆನಪಿಲ್ಲದಿರಬಹುದು. ನಾವೂ ನಕ್ಕೆವು. ಮೇಲಧಿಕಾರಿಯ ಹಾಸ್ಯಕ್ಕೆ ಎರಡನೇ ಓದು ಬೇಕಿರುವುದಿಲ್ಲ.

ಆ ಸಾಲು ಬರೆದ ದಿನ ಬೆರಳಮ್ಮ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದರು. ನನ್ನ ಮುಂದೆ ಒಂದು ಚಿಕ್ಕ ಪ್ರಬಂಧವಿತ್ತು. ನಲವತ್ತು ಜನರ ರಕ್ತ ಪರೀಕ್ಷಿಸಿದ್ದರು. ಇಬ್ಬರಲ್ಲಿ ಈ ವ್ಯತ್ಯಾಸ ಸಿಕ್ಕಿತ್ತು. ಇಬ್ಬರೂ ಆರೋಗ್ಯವಾಗಿದ್ದರು, ಆದ್ದರಿಂದ ಇದು ನಿರಪಾಯ ಇರಬಹುದು ಎಂದಿದ್ದರು. ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ, ನಲವತ್ತೂ ಜನ ತಮ್ಮದೇ ಸಂಸ್ಥೆಯ ವಿದ್ಯಾರ್ಥಿಗಳು ಎಂದಿತ್ತು. ಅಂದರೆ ಇಪ್ಪತ್ತರ ಆಸುಪಾಸಿನವರು. ಈ ಜೀನು ಕೆಟ್ಟರೆ ಬರುವ ಹೃದಯದ ಕಾಯಿಲೆಯಾದರೋ ಹೆಚ್ಚಾಗಿ ಮೂವತ್ತು, ನಲವತ್ತು ದಾಟಿದ ಮೇಲೆ ತಲೆ ಎತ್ತುವಂಥದ್ದು. ಹೂವನ್ನು ಮೂಸಿ ಹಣ್ಣು ಹುಳಿಯಿಲ್ಲ ಎಂದ ಹಾಗಿತ್ತು ಅವರ ತೀರ್ಮಾನ.

ನಮ್ಮ ಕೋಷ್ಟಕದಲ್ಲಿ ಆಗ ಎರಡೇ ಆಯ್ಕೆ: ಅಪಾಯ, ನಿರಪಾಯ. ‘ಗೊತ್ತಿಲ್ಲ’ ಎಂಬ ಮೂರನೆಯದು ಬೇಕೆಂದು ಬರೆದುಕೊಟ್ಟು ಎರಡು ವರ್ಷವಾಗಿತ್ತು. ಒಂದನ್ನು ಒತ್ತದೆ ಪರದೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ‘ನಿರಪಾಯ’ ಒತ್ತಿ, ಪಕ್ಕದ ಷರಾ ಕಾಲಮ್ಮಿನಲ್ಲಿ ಬರೆದೆ: “ತಾತ್ಕಾಲಿಕ. ಇಬ್ಬರೂ ಚಿಕ್ಕ ವಯಸ್ಸಿನವರು. ಇದನ್ನು ನಂಬಬಾರದು. ಮೇಡಂ ಬಂದ ಮೇಲೆ ನೋಡಬೇಕು.”

ಮೇಡಂ ಊದಿದ ಕೆನ್ನೆ ಹೊತ್ತು ಬಂದರು. ಅದೇ ವಾರ ನಿಮ್ಮ ಸಹಿಯ ಆದೇಶವೂ ಬಂತು. ಎರಡನೇ ಓದು ಸಮಯದ ಅಪವ್ಯಯವಾದ್ದರಿಂದ ಕೈಬಿಡತಕ್ಕದ್ದು; ಬಾಕಿ ಇರುವ ಸಾಲುಗಳನ್ನು ಪೂರ್ಣಗೊಂಡಿವೆ ಎಂದೇ ಪರಿಗಣಿಸತಕ್ಕದ್ದು. ಪರಿಗಣಿಸುವುದು ಎಂಥ ಉಪಯುಕ್ತ ಕ್ರಿಯೆ. ಅಡುಗೆ ಮಾಡದೆ ಊಟವಾಯಿತೆಂದು ಪರಿಗಣಿಸಬಹುದು, ಸೇತುವೆ ಕಟ್ಟದೆ ನದಿ ದಾಟಿದೆವೆಂದು ಪರಿಗಣಿಸಬಹುದು. ಬೆರಳಮ್ಮನನ್ನು ಹಳೆಯ ಕಾಗದಪತ್ರಗಳ ದಾಸ್ತಾನಿಗೆ ವರ್ಗ ಮಾಡಿದಿರಿ. ನಾನು ಆ ಸಾಲಿಗೆ ಮರಳಿ ಹೋಗಬಹುದಿತ್ತು. ಹೋಗಲಿಲ್ಲ. ಮರೆತೆ. ನನ್ನ ಮರೆವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ; ಅದು ನನ್ನ ಸ್ವಂತ ಆಸ್ತಿ.

ಮುಂದಿನದು ತೀರಾ ಸರಳ. ಎರಡು ವರ್ಷದ ಮೇಲೆ ಒಂದು ವಿಶ್ವವಿದ್ಯಾಲಯ ಹೃದಯರೋಗಗಳ ಸಂಗ್ರಹವೊಂದನ್ನು ಮಾಡಿತು. ನಮ್ಮ ಕೋಷ್ಟಕವನ್ನು ಹಾಗೇ ಎತ್ತಿಕೊಂಡಿತು, ಷರಾ ಒಂದನ್ನು ಬಿಟ್ಟು. ಅವರ ಕಂಪ್ಯೂಟರಿನಲ್ಲಿ ಅಷ್ಟುದ್ದದ ಮಾತಿಗೆ ಜಾಗವಿರಲಿಲ್ಲವಂತೆ. ವಿಶ್ವವಿದ್ಯಾಲಯದಿಂದ ಖಾಸಗಿ ಲ್ಯಾಬುಗಳ ಒಕ್ಕೂಟವೊಂದು ನಕಲು ಮಾಡಿಕೊಂಡು, ಮಾಹಿತಿಯ ಮೂಲ ಎಂಬಲ್ಲಿ ‘ತಜ್ಞರ ಪರಿಶೀಲನೆ’ ಎಂದು ಹಾಕಿಕೊಂಡಿತು. ಆರು ವರ್ಷಗಳ ಹಿಂದೆ ನೀವು ಈ ಮೂರೂ ಸಂಗ್ರಹಗಳನ್ನು ಕೂಡಿಸಿ ಏಕೀಕೃತ ಭಂಡಾರ ಮಾಡಿದಿರಿ. ಯಂತ್ರ ಓದಲಾರದ ಮಾತೆಂದು ನಮ್ಮ ಷರಾ ಕಾಲಮ್ಮನ್ನು ಪೂರ್ತಿ ಅಳಿಸಿದಿರಿ. ಆಮೇಲೆ ನೋಡಿದರೆ, ಏನಾಶ್ಚರ್ಯ, ಮೂರು ಕಡೆಯೂ ಒಂದೇ ಮಾತು. ಮೂರು ಕನ್ನಡಿಗಳ ನಡುವೆ ಒಬ್ಬನನ್ನು ನಿಲ್ಲಿಸಿ ನೀವು ತಲೆ ಎಣಿಸಿದಿರಿ.

ಉದ್ಘಾಟನೆಯ ದಿನ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಹಸಿರು ಗುರುತುಗಳು ಒಂದರ ಹಿಂದೊಂದು ಹೊತ್ತಿಕೊಳ್ಳುತ್ತಿದ್ದವು. ಒಬ್ಬ ಹೇಳಿದರೆ ಅದು ಅಭಿಪ್ರಾಯ, ಮೂವರು ಹೇಳಿದರೆ ಅದು ಸತ್ಯ ಎಂದು ನೀವು ಹೇಳಿದಿರಿ. ನಾನು ಕೊನೆಯ ಸಾಲಿನಲ್ಲಿದ್ದೆ, ಚಪ್ಪಾಳೆ ತಟ್ಟಿದೆ. ಆ ತಿಂಗಳೇ ನಮ್ಮ ಕೋಣೆ ಖಾಲಿಯಾಯಿತು. ನಾನೀಗ ಔಷಧದ ಡಬ್ಬಿಗಳೊಳಗೆ ಮಡಿಸಿಡುವ ಸೂಚನಾ ಚೀಟಿಗಳ ಕರಡು ತಿದ್ದುತ್ತೇನೆ. ಅವನ್ನೂ ಯಾರೂ ಓದುವುದಿಲ್ಲ. ಆದರೆ ಓದಿದ್ದೇವೆಂದು ಯಾರೂ ಹೇಳಿಕೊಳ್ಳುವುದೂ ಇಲ್ಲ.

ಅಕ್ಕನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಐವತ್ತೈದು ವಯಸ್ಸು, ಅದರಲ್ಲಿ ಮೂವತ್ತು ವರ್ಷ ಒಂದೇ ಮೇಜಿನ ಹಿಂದೆ ನಿಂತದ್ದು. ಕಳೆದ ವರ್ಷ ಎರಡು ಸಲ ಕುಸಿದು ಬಿದ್ದಳು. ಮೊದಲನೆಯ ಸಲ ಸೆಕೆಗೆ ಎಂದಳು. ಎರಡನೆಯ ಸಲ ಇಸ್ತ್ರಿಪೆಟ್ಟಿಗೆ ಗಿರಾಕಿಯೊಬ್ಬರ ಕೋಟಿನ ಮೇಲೆ ಉಳಿದುಬಿಟ್ಟು ಕೋಟಿನ ಬೆನ್ನು ಸುಟ್ಟಿತು. ಕೋಟು ಸುಟ್ಟಿತೆಂದು ಆಸ್ಪತ್ರೆಗೆ ಹೋದಳು ಎನ್ನಬೇಕು, ತನಗೋಸ್ಕರ ಹೋಗುವವಳಲ್ಲ. ಅವರು ಜೀನ್ ಪರೀಕ್ಷೆ ಮಾಡಿಸಿದರು, ವ್ಯತ್ಯಾಸ ಕಂಡಿತು, ಭಂಡಾರ ತೆರೆದು ನೋಡಿದರು, ಮನೆಗೆ ಕಳಿಸಿದರು. ಸಂಜೆ ಅವಳು ವರದಿಯನ್ನು ನನ್ನ ಮುಂದೆ ಹಿಡಿದಳು.

“ನೋಡೋ, ನಿನ್ನ ಹಳೇ ಆಫೀಸಿನವರೇ ಕೊಟ್ಟಿರೋ ಸರ್ಟಿಫಿಕೇಟು. ಮೂರು ಟಿಕ್ಕು. ಹತ್ತನೇ ಕ್ಲಾಸಲ್ಲೂ ನಂಗೆ ಇಷ್ಟು ಬಿದ್ದಿರಲಿಲ್ಲ.”

“ಮೂರು ಕಡೆಯೂ ಅದನ್ನೇ ಹೇಳಿದ್ದಾರೆ ಅಕ್ಕ. ಚಿಂತೆ ಬಿಡು.”

“ಮತ್ಯಾಕೋ ಬಿದ್ದೆ?”

“ದಿನಾ ನಿಂತೇ ಕೆಲಸ ಮಾಡ್ತೀಯ. ಹೊತ್ತಿಗೆ ಸರಿಯಾಗಿ ತಿನ್ನಲ್ಲ.”

“ಇದನ್ನ ಹೇಳೋದಕ್ಕೆ ಅಪ್ಪ ನಿನ್ನನ್ನ ಅಷ್ಟೊಂದು ಓದಿಸಬೇಕಿತ್ತಾ?”

ಮತ್ತೆ ಯಾಕೆ ಬಿದ್ದೆ. ಕೋಟಿಗಟ್ಟಲೆ ಸಾಲುಗಳಿರುವ ನಿಮ್ಮ ಭಂಡಾರದಲ್ಲಿ ಅಷ್ಟು ಒಳ್ಳೆಯ ಪ್ರಶ್ನೆ ಒಂದಿಲ್ಲ. ಬಿದ್ದವಳೊಬ್ಬಳು ಎದುರಿಗಿದ್ದಳು, ಬೀಳುವುದಿಲ್ಲ ಎನ್ನುವ ಕಾಗದವೂ ಎದುರಿಗಿತ್ತು. ನಾನು ಕಾಗದವನ್ನು ನಂಬಿದೆ. ಇಪ್ಪತ್ತು ವರ್ಷ ಕಾಗದಗಳನ್ನು ಅನುಮಾನಿಸುವುದೇ ನನ್ನ ಉದ್ಯೋಗವಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಹದಿಮೂರನೇ ವಾರ, ಬೆಳಗ್ಗೆ ಹತ್ತೂವರೆಗೆ, ಹ್ಯಾಂಗರಿಗೆ ಅಂಗಿ ಹಾಕುತ್ತಿದ್ದವಳು ಮೂರನೆಯ ಸಲ ಬಿದ್ದಳು. ಎದುರು ನಿಂತಿದ್ದ ಗಿರಾಕಿ, ಮೇಜಿನ ಕೆಳಗೆ ಏನೋ ಹುಡುಕುತ್ತಿದ್ದಾಳೆ ಎಂದುಕೊಂಡು ಸ್ವಲ್ಪ ಹೊತ್ತು ಕಾದನಂತೆ. ಸಭ್ಯ ಮನುಷ್ಯ.

ಹದಿನೈದು ದಿನ ಕಳೆದು ನಾನು ಆ ಸಾಲನ್ನು ತೆರೆದೆ. ದುಃಖದಿಂದ ಎಂದರೆ ಸುಳ್ಳಾದೀತು, ಅಭ್ಯಾಸಬಲದಿಂದ. ಮೂರನೆಯ ಆಧಾರವನ್ನು ಹಿಡಿದು ಹೋದರೆ ಎರಡನೆಯದು ಸಿಕ್ಕಿತು. ಎರಡನೆಯದನ್ನು ಹಿಡಿದು ಹೋದರೆ ನಮ್ಮ ಹಳೆಯ ಕೋಷ್ಟಕ. ಅಲ್ಲಿ ಬರೆದವರ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಓದುಗ ನಾಲ್ಕು. ಒಂಬತ್ತು ಜನರಲ್ಲಿ ನಾಲ್ಕನೆಯವನು ಕಿಟಕಿಯ ಪಕ್ಕ ಕೂರುತ್ತಿದ್ದ ನಾನು. ಆಗ ನನಗೆ ಏನನ್ನಿಸಿತೆಂದು ಇಲ್ಲಿ ಬರೆಯುವುದಿಲ್ಲ; ಅದಕ್ಕಿರುವುದು ಒಂದೇ ಆಧಾರ.

ನಾನು ಬೆರಳಮ್ಮನ ಮನೆಗೆ ಹೋದೆ. ಎಪ್ಪತ್ತು ದಾಟಿದ್ದಾರೆ. ದಾಸ್ತಾನಿನಲ್ಲಿದ್ದಾಗ ರದ್ದಿಗೆ ಹೋಗಬೇಕಿದ್ದ ನಮ್ಮ ಕೋಷ್ಟಕಗಳ ಮುದ್ರಿತ ಪ್ರತಿಗಳನ್ನು ಮನೆಗೆ ತಂದು ಬೀರುವಿನಲ್ಲಿ ಇಟ್ಟಿದ್ದರು. ಕಾನೂನಿನ ಪ್ರಕಾರ ಅದು ಕಳವು. ಬೇಕಿದ್ದರೆ ಕ್ರಮ ಕೈಗೊಳ್ಳಿ. ಅರ್ಧ ಗಂಟೆ ಪುಟ ಮಗುಚಿ ಷರಾದ ಮೇಲೆ ಬೆರಳಿಟ್ಟರು.

“ಮೇಡಂ ಬಂದ ಮೇಲೆ ನೋಡಬೇಕು ಅಂತ ಬರೆದಿದೀಯ.”

“ಹೌದು ಮೇಡಂ.”

“ಬಂದಿದ್ನಲ್ಲಪ್ಪ. ಹಲ್ಲು ಕಿತ್ತ ಮಾರನೇ ದಿನವೇ ಬಂದಿದ್ದೆ.” ಅಷ್ಟು ಹೇಳಿ ಆ ಪುಟದ ನೆರಳಚ್ಚು ಮಾಡಿಸಿಕೋ ಎಂದು ಕೊಟ್ಟರು. ಚಹಾ ಬೇಕೇ ಎಂದು ಕೇಳಲಿಲ್ಲ. ಕೇಳದಿದ್ದುದಕ್ಕೆ ನಾನು ಕೃತಜ್ಞ.

ಪುಟವನ್ನು ಲಗತ್ತಿಸಿ ನಿಮಗೆ ತಿದ್ದುಪಡಿ ಅರ್ಜಿ ಹಾಕಿದೆ. ಉತ್ತರ ನಾಲ್ಕು ಸಾಲಿನದು: ಸದರಿ ದಾಖಲೆಗೆ ಮೂರು ಸ್ವತಂತ್ರ ಆಧಾರಗಳ ಸಮ್ಮತಿ ಇದೆ, ತಮ್ಮ ಕೋರಿಕೆ ಒಂದೇ ಆಧಾರದ್ದು, ಆದ್ದರಿಂದ ಪರಿಗಣಿಸಲು ಬರುವುದಿಲ್ಲ. ಇಲ್ಲಿ ಮಾತ್ರ ನಿಮಗೆ ಪರಿಗಣಿಸಲು ಬರಲಿಲ್ಲ. ನಾನು ಖುದ್ದಾಗಿ ಬಂದೆ. ತಿದ್ದುಪಡಿ ವಿಭಾಗದ ಗುಮಾಸ್ತೆ ಒಳ್ಳೆಯ ಹೆಂಗಸು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು, ಮೇಜಿನ ಮೇಲೆ ಒಂದು ಗಿಡ ಸಾಕಿದ್ದಾರೆ. ಅವರಿಗೆ ತೊಂದರೆ ಕೊಡಬೇಡಿ. ಅವರು ನಿಮ್ಮ ನಿಯಮವನ್ನು ನಿಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ.

“ಆ ಮೂರೂ ನಾನೇ ಅಮ್ಮಾ,” ಎಂದೆ.

“ಹಾಗಂತ ಯಾರು ಹೇಳ್ತಾರೆ ಸರ್?”

“ನಾನೇ.”

“ಅದಕ್ಕೇ ಹೇಳಿದ್ದು, ಒಬ್ರು ಅಂತ.”

“ಷರಾ ನೋಡಿ. ನಂಬಬಾರದು ಅಂತ ಅವತ್ತೇ ಬರೆದಿದೀನಿ.”

“ಷರಾ ಅನ್ನೋ ಕಾಲಮ್ಮೇ ಈಗಿಲ್ಲವಲ್ಲ. ಇಲ್ಲದ ಕಾಲಮ್ಮು ನಾವು ಹೇಗೆ ಓದೋದು?” ಆಮೇಲೆ ಗಿಡದ ಮೇಲಿಂದ ಬಾಗಿ ದನಿ ತಗ್ಗಿಸಿದರು. “ಒಂದು ಮಾತು ಹೇಳ್ಲಾ? ನಿಮ್ಮ ತಿದ್ದುಪಡೀನ ಬೇರೆ ಎಲ್ಲಾದ್ರೂ ಮೂರು ಕಡೆ ಹಾಕ್ಸಿಬಿಡಿ. ಒಬ್ರಿಂದೊಬ್ರು ತಗೊಳ್ತಾರೆ. ಆಮೇಲೆ ಬನ್ನಿ, ತಾನಾಗೇ ಹಸಿರಾಗುತ್ತೆ.”

“ಇಲ್ಲೂ ಮೂರಿದೆ, ಅಲ್ಲೂ ಮೂರಾದ್ರೆ?”

“ಹಾಗಾದ್ರೆ ನಾಲ್ಕು ಕಡೆ ಹಾಕ್ಸಿ. ಎಲ್ಲಾರೂ ಹಾಗೇ ಮಾಡೋದು.”

‘ಎಲ್ಲಾರೂ’ ಎಂಬ ಆ ಮಾತಿನ ಬಳಿ ತಾವು ಅರೆಕ್ಷಣ ನಿಲ್ಲಬೇಕು. ನಾನು ನಿಂತೆ. ಮನೆಯಲ್ಲಿ ಕೂತು, ಹೃದಯದ ಜೀನುಗಳ ಕುರಿತು ಮೂರು ಗುರುತು ಇರುವ ಇನ್ನೂರು ಸಾಲುಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದುಹೋದೆ. ನೂರ ಮೂವತ್ತೊಂದು ಸಾಲುಗಳಲ್ಲಿ ಮೂರು ಗುರುತಿಗೂ ಮೂಲ ಒಂದೇ ಕೈ. ಇವುಗಳ ಮೇಲೆ ಸಂಶೋಧಕರು ಪ್ರಬಂಧ ಬರೆಯುತ್ತಿದ್ದಾರೆ, ಔಷಧ ಹುಡುಕುತ್ತಿದ್ದಾರೆ. ಅವರು ಬರೆದದ್ದು ಮತ್ತೆ ನಿಮ್ಮ ಭಂಡಾರಕ್ಕೇ ಬಂದು ಹೊಸ ಆಧಾರವಾಗುತ್ತದೆ. ಹಾಳು ಬಾವಿಯ ನೀರನ್ನು ಅದೇ ಬಾವಿಗೆ ಸುರಿದು ಮಟ್ಟ ಏರಿತೆಂದು ಸಂಭ್ರಮಿಸುವ ಈ ಕ್ರಿಯೆಗೆ ನೀವು ಜ್ಞಾನ ಎಂಬ ಹೆಸರಿಟ್ಟಿದ್ದೀರಿ. ನನ್ನ ಅರ್ಜಿ ತಿರಸ್ಕೃತವಾದ ತಿಂಗಳಲ್ಲೇ ಆ ಸಾಲಿಗೆ ನಾಲ್ಕನೆಯ ಗುರುತೂ ಬಿದ್ದಿದೆ. ನಿಮ್ಮ ಭಂಡಾರವನ್ನೇ ಉಂಡು ಬೆಳೆದ ಮುನ್ಸೂಚನೆ ಹೇಳುವ ಕಂಪ್ಯೂಟರ್ ಪ್ರೋಗ್ರಾಮೊಂದು ಸ್ವತಂತ್ರವಾಗಿ ಯೋಚಿಸಿ ‘ನಿರಪಾಯ’ ಎಂದಿತಂತೆ. ನಾನು ತಿದ್ದಲು ಹೋದಷ್ಟೂ ಸರಿಯಾಗುತ್ತಿದ್ದೇನೆ.

ಈಗ ಅಕ್ಕನ ಮಗಳ ವಿಷಯ. ಮೂವತ್ತೊಂದು ವಯಸ್ಸು. ಅಂಗಡಿಯನ್ನು ಅವಳೇ ನಡೆಸುತ್ತಾಳೆ, ಅದೇ ಮೇಜಿನ ಹಿಂದೆ ನಿಂತು. ಎರಡು ತಿಂಗಳ ಹಿಂದೆ ಒಮ್ಮೆ ಬಿದ್ದಳು. ಹೃದಯದ ವೈದ್ಯರು ಅವಳ ಕೊರಳೆಲುಬಿನ ಕೆಳಗೆ ಪುಟ್ಟ ಯಂತ್ರವೊಂದನ್ನು ಹಾಕಬೇಕೆಂದಿದ್ದಾರೆ. ಬಡಿತ ತಪ್ಪಿದರೆ ಅದು ಒಳಗಿನಿಂದಲೇ ಏಟು ಕೊಟ್ಟು ಎಬ್ಬಿಸುತ್ತದೆ. ಆಸ್ಪತ್ರೆಯ ಸಮಿತಿ ನಿಮ್ಮ ಸಾಲನ್ನು ನೋಡಿ ಬೇಡ ಎಂದಿತು. ವೈದ್ಯರು ನನ್ನನ್ನು ಹೊರಗೆ ಕರೆದು, “ನನಗೇನೋ ಅನುಮಾನ ಇದೆ. ಆದ್ರೆ ಅವರ ಫಾರಮ್ಮಲ್ಲಿ ನನ್ನ ಅನುಮಾನಕ್ಕೆ ಜಾಗ ಇಲ್ಲ,” ಎಂದರು.

ಕೊನೆಯ ದಾರಿಯೆಂದು ನಿಮ್ಮ ನಿಯಮಾವಳಿ ತರಿಸಿ ಓದಿದೆ. ನಿರಪಾಯವೆಂದು ದೃಢಪಟ್ಟ ಸಾಲೊಂದು ಮರುಪರಿಶೀಲನೆಗೆ ತಾನಾಗಿ ತೆರೆದುಕೊಳ್ಳಬೇಕಾದರೆ, ಪರಸ್ಪರ ಸಂಬಂಧವಿಲ್ಲದ ಎರಡು ಕುಟುಂಬಗಳಲ್ಲಿ ತಲಾ ಒಂದು ಸಾವು ವರದಿಯಾಗಿರಬೇಕು. ಅದನ್ನು ನಾನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಅವಳು ಕಾಲರ್ ಇಸ್ತ್ರಿ ಮಾಡುತ್ತಾ ಕೇಳಿಸಿಕೊಂಡಳು.

“ಅಂದ್ರೆ ಮಾವ, ನಾನು ಸತ್ರೂ ಆಗಲ್ವಾ?”

“ಆಗಲ್ಲ.”

“ಅಮ್ಮನ್ನೂ ನನ್ನೂ ಸೇರಿಸಿ ಒಂದೇ ಅಂತಾರಾ?”

“ಒಂದೇ ಕುಟುಂಬ ಅಲ್ವಾ.”

“ಬದುಕಿದ್ದಾಗ ಒಂದು ದಿನಾನೂ ನಮ್ಮಿಬ್ರದ್ದು ಒಂದೇ ಮಾತು ಆಗಿದ್ದಿಲ್ಲ.” ಅಂಗಿ ಮಗುಚಿ ತೋಳು ಹಿಡಿದಳು. “ಅಲ್ಲ, ಇನ್ನೊಬ್ರು ಯಾರು ಸಾಯಬೇಕಂತೆ? ಹೆಸರು ಹಾಕಿದಾರಾ?”

ಹಾಕಿಲ್ಲ. ಆದ್ದರಿಂದ ನಾವು ಅಪರಿಚಿತರೊಬ್ಬರಿಗಾಗಿ ಕಾಯುತ್ತಿದ್ದೇವೆ. ಅವರು ನಮ್ಮ ನೆಂಟರಾಗಿರಬಾರದು. ಅವರಲ್ಲಿ ಈ ವ್ಯತ್ಯಾಸ ಇರಬೇಕು, ಅದನ್ನು ಯಾರಾದರೂ ಪರೀಕ್ಷೆ ಮಾಡಿರಬೇಕು, ಅವರು ಬೇಗ ಸಾಯಬೇಕು, ಅವರ ಮನೆಯವರಿಗೆ ಅತ್ತು ಮುಗಿದ ಮೇಲೆ ನಿಮ್ಮ ಅರ್ಜಿ ತುಂಬುವಷ್ಟು ತಾಳ್ಮೆ ಉಳಿದಿರಬೇಕು. ಬೆಳಗ್ಗೆ ಪತ್ರಿಕೆ ಬಂದಾಗ ನಾನು ಮೊದಲು ನಿಧನವಾರ್ತೆಯ ಪುಟ ತೆರೆಯುತ್ತೇನೆ. ಹಠಾತ್ ಹೃದಯಾಘಾತ ಎಂದಿದ್ದರೆ ಒಂದು ಬಗೆಯ ಆಸೆ ಹುಟ್ಟುತ್ತದೆ. ಮನುಷ್ಯನೊಬ್ಬನನ್ನು ಇಷ್ಟು ದೂರ ತರಲು ಹಿಂದೆ ಯುದ್ಧಗಳು ಬೇಕಾಗುತ್ತಿದ್ದವು. ನಿಮಗೆ ಒಂದು ಕಾಲಮ್ಮು ಅಳಿಸಿದ್ದು ಸಾಕಾಯಿತು.

ನನ್ನ ಬೇಡಿಕೆ ಹೀಗಿದೆ. ಆ ಸಾಲಿನಲ್ಲಿ ‘ಅಪಾಯ’ ಎಂದು ಬರೆಯಿರಿ ಎಂದು ನಾನು ಕೇಳುವುದಿಲ್ಲ. ಒಬ್ಬಳ ಸಾವಿನಿಂದ ಅದು ಸಿದ್ಧವಾಗುವುದಿಲ್ಲ. ಸತ್ತವಳು ನನ್ನ ಅಕ್ಕನಾದರೂ ಸಿದ್ಧವಾಗುವುದಿಲ್ಲ. ಅಷ್ಟು ಶಿಸ್ತು ನನಗಿನ್ನೂ ಇದೆ. ‘ಗೊತ್ತಿಲ್ಲ’ ಎಂದು ಬರೆಯಿರಿ. ಈಗ ಆ ಆಯ್ಕೆ ನಿಮ್ಮ ಕೋಷ್ಟಕದಲ್ಲಿದೆ, ನೋಡಿದ್ದೇನೆ. ಅದನ್ನು ಒತ್ತುವವರು ಮಾತ್ರ ಇಲ್ಲ. ಹಾಗೆ ಬರೆದ ದಿನ ಆಸ್ಪತ್ರೆಯ ನಿಯಮದ ಪ್ರಕಾರ ತೀರ್ಮಾನ ವೈದ್ಯರ ಕೈಗೆ ಮರಳುತ್ತದೆ. ನೂರ ಮೂವತ್ತೊಂದು ಸಾಲುಗಳ ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅವುಗಳ ಹುಸಿ ಗುರುತುಗಳನ್ನು ತೆಗೆಯಿರಿ, ಷರಾ ಮರಳಿ ತನ್ನಿ, ಇಬ್ಬರು ಓದಿ ಬೆರಳಿಡುವ ಪದ್ಧತಿ ಮರಳಿ ತನ್ನಿ. ಇವೆಲ್ಲ ನಿಧಾನಕ್ಕಾಗಲಿ, ಸಮಿತಿ ಮಾಡಿ, ಉಪಸಮಿತಿ ಮಾಡಿ. ಆ ಒಂದು ಸಾಲು ಮಾತ್ರ ಈ ತಿಂಗಳ ಇಪ್ಪತ್ತನಾಲ್ಕರೊಳಗೆ. ಅಂದು ಆಸ್ಪತ್ರೆಯ ಸಮಿತಿ ಅವಳ ಕಡತವನ್ನು ಕೊನೆಯ ಬಾರಿಗೆ ನೋಡುತ್ತದೆ.

ಅಲ್ಲಿಯವರೆಗೆ ಅವಳು ಒಬ್ಬಳೇ ಇರಬಾರದೆಂದು ನಾನು ಕರಡುಗಳನ್ನು ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ಕೂರುತ್ತೇನೆ. ನಿಮ್ಮ ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಕಳಿಸಿ. ಬೆಳಗ್ಗೆ ಎಂಟಕ್ಕೆ ತೆರೆಯುತ್ತೇವೆ. ಅದಾದ ಮೇಲೂ ಬಾಗಿಲು ಹಾಕಿದ್ದರೆ ಉತ್ತರ ತಡವಾಯಿತೆಂದು ತಿಳಿಯಿರಿ; ಪತ್ರವನ್ನು ಒಳಗೆ ತೂರಿಸುವುದು ಬೇಡ, ವಾಪಸು ಒಯ್ಯಲು ಅಂಚೆಯವರಿಗೆ ಹೇಳಿರಿ.

ಇಂತಿ,
ಸಂಬಂಧಿಕನಾದ್ದರಿಂದ ಲೆಕ್ಕಕ್ಕೆ ಬಾರದ,
ಅವಳ ಸೋದರಮಾವ